ಪರಿಸರ ವಿದ್ಯೆಯೂ ಕಲಾ ವಿದ್ಯಾರ್ಥಿಯೂ

ನಮ್ಮ ಕಾಲೇಜಿನಲ್ಲಿ ಯಾವ ವಿಷಯಕ್ಕೆ ಎಷ್ಟು ಮರ್ಯಾದೆಯಿದೆ ಎಂಬುದನ್ನು ತಿಳಿಯಬೇಕಾದರೆ ವೇಳಾಪಟ್ಟಿಯನ್ನು ನೋಡಿದರೆ ಸಾಕು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಿಗೆ ಬೆಳಗಿನ ಹೊತ್ತು ಮೀಸಲು. ಪರಿಸರ ಅಧ್ಯಯನಕ್ಕೆ ಮಧ್ಯಾಹ್ನದ ಊಟವಾದ ಮೇಲಿನ, ಅರ್ಧ ಬೆಂಚುಗಳು ಖಾಲಿಯಿರುವ ಅವಧಿ. ಪರೀಕ್ಷೆಗೆ ಎರಡು ದಿನವಿರುವಾಗ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಒಂದು ಗೈಡು ಕೊಂಡು, ಓಜೋನ್ ಪದರ, ಹಸಿರುಮನೆ ಪರಿಣಾಮ, ಆಹಾರ ಸರಪಳಿ ಎಂಬ ಮೂರು ಟಿಪ್ಪಣಿಗಳನ್ನು ಬಾಯಿಪಾಠ ಮಾಡಿ, ಹೇಗೋ ತೇರ್ಗಡೆಯಾಗಿ, ಆ ಗೈಡನ್ನು ಕಿರಿಯರಿಗೆ ಅರ್ಧ ಬೆಲೆಗೆ ಮಾರಿಬಿಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ.

ಈ ಪದ್ಧತಿಯನ್ನು ಕುರಿತು ಸ್ವಲ್ಪ ಗಂಭೀರವಾಗಿ ವಿಚಾರ ಮಾಡಬೇಕಾದ ಕಾಲ ಬಂದಿದೆ ಎಂದು ನನಗೆ ತೋರುತ್ತದೆ. ಪರಿಸರ ವಿದ್ಯೆಯೆಂಬುದು ವಿಜ್ಞಾನದ ವಿದ್ಯಾರ್ಥಿಗಳ ಸೊತ್ತು, ಕಲಾ ವಿಭಾಗದವರಿಗೆ ಅದು ಮೇಲಿನವರು ಹೊರಿಸಿದ ಹೊರೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನನ್ನ ಅಭಿಪ್ರಾಯ ಇದಕ್ಕೆ ತೀರ ಬೇರೆ. ನಮ್ಮ ಕೋಲಾರ ಜಿಲ್ಲೆಯ ನೀರು ನೆಲಗಳ ಪ್ರಶ್ನೆಯಲ್ಲಿ ಅರ್ಧದಷ್ಟಾದರೂ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭಾಷೆಗಳಿಗೆ ಸೇರಿದ್ದು. ಆ ಅರ್ಧವನ್ನು ನಾವು ಕಲಿಯದಿದ್ದರೆ ನಮ್ಮ ಪರವಾಗಿ ಮತ್ತಾರೂ ಕಲಿಯಲಾರರು. ಅದನ್ನು ಕಲಿತವರಿಗೆ ಗೌರವದಿಂದ ಬಾಳುವಷ್ಟು ಉದ್ಯೋಗದ ದಾರಿಗಳೂ ಉಂಟು. ಈ ಮೂರು ಮಾತುಗಳನ್ನು ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಡಲು ಯತ್ನಿಸುತ್ತೇನೆ.

ಮೊದಲು ಈ ವಿಷಯವು ನಮ್ಮ ಪಠ್ಯಕ್ರಮದೊಳಕ್ಕೆ ಬಂದ ಬಗೆಯನ್ನು ನೋಡೋಣ. 1972ರ ಜೂನ್ ತಿಂಗಳಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯು ಮಾನವ ಪರಿಸರವನ್ನು ಕುರಿತು ಸಮ್ಮೇಳನ ನಡೆಸಿತು. ನಾಲ್ಕು ವರ್ಷಗಳ ತರುವಾಯ, 1976ರಲ್ಲಿ, 42ನೆಯ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನಕ್ಕೆ ಎರಡು ಹೊಸ ಮಾತುಗಳು ಸೇರಿದುವು. ಪರಿಸರವನ್ನು ಕಾಪಾಡುವುದು ರಾಜ್ಯದ ಹೊಣೆಯೆಂದು 48ಎ ವಿಧಿ ಹೇಳಿದರೆ, ಅದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 51ಎ ವಿಧಿಯ 'ಜಿ' ಖಂಡ ಸಾರಿತು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತವಾಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. ಇಷ್ಟೆಲ್ಲ ಆದರೂ ಕಾಲೇಜುಗಳಲ್ಲಿ ಈ ವಿದ್ಯೆಗೆ ಸ್ಥಾನ ದೊರೆತಿರಲಿಲ್ಲ. 1991ರ ನವೆಂಬರ್ 22ರಂದು, ಎಂ. ಸಿ. ಮೆಹ್ತಾ ಅವರು ಹೂಡಿದ್ದ ಮೊಕದ್ದಮೆಯಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಹೇಳಿತು. ಆ ಮಾತು ಕಾರ್ಯರೂಪಕ್ಕೆ ಬರಲು ಮತ್ತೆ ಹತ್ತಾರು ವರ್ಷಗಳೇ ಹಿಡಿದುವು. ಈ ಶತಮಾನದ ಮೊದಲ ವರ್ಷಗಳಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಎಲ್ಲ ಪದವಿ ತರಗತಿಗಳಿಗೂ ಸಲ್ಲುವ ಒಂದು ಪಠ್ಯಕ್ರಮವನ್ನು ಸಿದ್ಧಪಡಿಸಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದನೆಯದು, ಈ ವಿದ್ಯೆಯನ್ನು ನಮ್ಮ ತರಗತಿಯವರೆಗೆ ತಂದು ಬಿಟ್ಟವರು ವಿಜ್ಞಾನಿಗಳಲ್ಲ. ಮೆಹ್ತಾ ಅವರು ವಕೀಲರು. ಎರಡನೆಯದು, ಆಯೋಗದ ಆ ಮೊದಲ ಪಠ್ಯಕ್ರಮದಲ್ಲಿ 50 ಪಾಠಗಳ ಪೈಕಿ 5 ಪಾಠಗಳಷ್ಟು ಹೊತ್ತನ್ನು ಕ್ಷೇತ್ರಕಾರ್ಯಕ್ಕೆಂದೇ ತೆಗೆದಿರಿಸಿದ್ದರು. 100 ಅಂಕಗಳಲ್ಲಿ 25 ಅಂಕಗಳೂ ಅದಕ್ಕೇ. ಹತ್ತಿರದ ಹೊಳೆಯನ್ನೋ ಕಾಡನ್ನೋ ಗುಡ್ಡವನ್ನೋ ಕಣ್ಣಾರೆ ಕಂಡು ಬರೆಯಬೇಕು, ಮಲಿನಗೊಂಡ ಒಂದು ಸ್ಥಳಕ್ಕೆ ಹೋಗಬೇಕು, ಸುತ್ತಲಿನ ಗಿಡ, ಹುಳು, ಹಕ್ಕಿಗಳನ್ನು ಗುರುತಿಸಬೇಕು ಎಂಬುದು ಅದರ ಆಶಯ. ಪಠ್ಯಕ್ರಮಗಳು ಅನಂತರ ಹಲವು ಬಾರಿ ಬದಲಾದುವು. ಹೊರಗೆ ಹೋಗಿ ನೋಡಿರೆಂಬ ಮಾತು ಮಾತ್ರ ಉಳಿದುಬಂದಿದೆ.

ಆ ಮಾತನ್ನು ನಡೆಸುವ ರೀತಿ ನಮಗೆಲ್ಲ ಗೊತ್ತಿರುವುದೇ. ಹಿಂದಿನ ವರ್ಷದವರ ರೆಕಾರ್ಡನ್ನು ಎರವಲು ತಂದು, ಒಂದೇ ರಾತ್ರಿಯಲ್ಲಿ ನಕಲು ಮಾಡಿ, ನಾಗರಹೊಳೆಯ ಹುಲಿಯ ಚಿತ್ರವನ್ನೂ ಜೋಗದ ಜಲಪಾತದ ಚಿತ್ರವನ್ನೂ ಅಂಟಿಸಿ, ಬಣ್ಣದ ಕಾಗದದ ಹೊದಿಕೆ ಹಾಕಿ ಒಪ್ಪಿಸುತ್ತೇವೆ. ಕೋಲಾರದ ವಿದ್ಯಾರ್ಥಿಗೆ ಜೋಗದ ಎತ್ತರ ಎಷ್ಟು ಅಡಿಯೆಂದು ಗೊತ್ತು. ತನ್ನೂರ ಕೆರೆಯ ತೂಬು ಯಾವ ಕಡೆಗಿದೆ, ಕೋಡಿಯ ನೀರು ಯಾವ ಊರಿನ ಕೆರೆಗೆ ಹೋಗಿ ಸೇರುತ್ತದೆ ಎಂದರೆ ತಿಳಿಯದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸುಮ್ಮನೆ ಹುಟ್ಟಿತೆ?

ಹಿತ್ತಲ ಗಿಡದ ಮಾತು ಬಂದುದರಿಂದ ನಮ್ಮ ಜಿಲ್ಲೆಯ ಕಡೆಗೇ ತಿರುಗುತ್ತೇನೆ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಬಿದ್ದ ಮಳೆಯನ್ನು ಹಿಡಿದಿಡಲು ಹಿರಿಯರು ಸಾವಿರಾರು ಕೆರೆಗಳನ್ನು ಕಟ್ಟಿದರು. ಒಂದು ಕೆರೆಯ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು. ಹೀಗೆ ಸರಮಾಲೆಯಾಗಿ ಪೋಣಿಸಿದ ಕೆರೆಗಳು. ಕೊಳವೆಬಾವಿ ಬಂದ ಮೇಲೆ ಕೆರೆಯ ಹೂಳು ತೆಗೆಯುವುದು ನಿಂತಿತು, ಕಾಲುವೆಗಳು ಒತ್ತುವರಿಯಾದುವು, ಬಯಲುಗಳಲ್ಲಿ ನೀಲಗಿರಿ ತೋಪುಗಳು ಎದ್ದುವು. ಕೊಳವೆಬಾವಿ ಸಾವಿರ ಅಡಿಯನ್ನು ದಾಟಿ ಇಳಿಯಿತು. ಆಳಕ್ಕೆ ಇಳಿದಂತೆಲ್ಲ ನೀರಿನಲ್ಲಿ ಫ್ಲೋರೈಡ್ ಕಾಟ ಹೆಚ್ಚಿತು. ಹಲ್ಲು ಕಂದುಬಣ್ಣಕ್ಕೆ ತಿರುಗಿದ ಮಕ್ಕಳನ್ನೂ ಮಂಡಿ ಬಗ್ಗಿಸಲಾರದ ಮುದುಕರನ್ನೂ ಕಾಣದ ಹಳ್ಳಿಯವರು ನಮ್ಮ ತರಗತಿಯಲ್ಲಿ ಹೆಚ್ಚು ಮಂದಿ ಇರಲಾರರು. ಹೊಸದಾಗಿ ನೀಲಗಿರಿ ಬೆಳೆಸಕೂಡದೆಂದು ಸರ್ಕಾರವು ಆಜ್ಞೆ ಹೊರಡಿಸಿದ್ದು 2017ರಲ್ಲಿ, ಆಗುವುದೆಲ್ಲ ಆದ ಮೇಲೆ.

ಇಂಥ ನೆಲಕ್ಕೆ 2018ರ ಜೂನ್ ತಿಂಗಳಲ್ಲಿ ಹೊಸ ನೀರು ಬಂದಿತು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿ ಮಾಡಿ, ಕೊಳವೆಗಳಲ್ಲಿ ಮೇಲಕ್ಕೆತ್ತಿ, ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಅಲ್ಲಿಂದ ಮುಂದೆ ಹಿರಿಯರು ಕಟ್ಟಿದ ಸರಮಾಲೆಯ ದಾರಿಯಲ್ಲೇ ಕೆರೆಯಿಂದ ಕೆರೆಗೆ ಅದು ಹರಿಯಬೇಕು, ನೆಲಕ್ಕೆ ಇಂಗಬೇಕು ಎಂಬುದು ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್ ನೀರು ಹರಿಸುವ ಉದ್ದೇಶ. ಜನರು ಇದನ್ನು 'ಕೆ. ಸಿ. ವ್ಯಾಲಿ ನೀರು' ಎನ್ನುತ್ತಾರೆ. ಬಂದ ಮರುತಿಂಗಳೇ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿಕೊಂಡು ನೀರನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರನ್ನು ಬಿಡಬಾರದೆಂದು ಕೆಲವರು ಹೈಕೋರ್ಟಿಗೆ ಹೋದರು. ವ್ಯಾಜ್ಯವು ಸುಪ್ರೀಂ ಕೋರ್ಟನ್ನೂ ಮುಟ್ಟಿತು. ತಡೆಯಾಜ್ಞೆಗಳು ಬಂದು ಹೋದುವು, ನೀರು ಹರಿಯಿತು.

ಆಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ನಮ್ಮೂರ ಕೆರೆಗೆ ಆ ನೀರು ಬಂದ ಮೇಲೆ ಬತ್ತಿಹೋಗಿದ್ದ ನಮ್ಮ ತಂದೆಯವರ ಕೊಳವೆಬಾವಿ ಮತ್ತೆ ನೀರು ಕೊಟ್ಟಿತು. ಒಂದೂವರೆ ಎಕರೆಯಲ್ಲಿ ಅವರು ಬೆಳೆದ ಟೊಮೆಟೊ ಮಾರಿ ಬಂದ ಹಣದಲ್ಲೇ ನನ್ನ ಕಾಲೇಜಿನ ಶುಲ್ಕವೂ ಬಸ್ ಪಾಸಿನ ಹಣವೂ ಕಟ್ಟಲ್ಪಟ್ಟಿವೆ. ನಮ್ಮ ತಾಯಿಯವರು ಆ ಬಾವಿಯ ನೀರನ್ನು ಈವರೆಗೂ ಬಾಯಿಗೆ ಹಾಕಿಲ್ಲ; ಐದು ರೂಪಾಯಿ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಕೊಂಡು ಬರುತ್ತಾರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗೆ ಮುಂಚೆ ಯಾರೂ ಇಲ್ಲ. ಆದ್ದರಿಂದ ಊರಿನ ಹಿರಿಯರು ನನ್ನನ್ನು ಕಂಡಾಗ, "ಏನಮ್ಮಾ, ನೀನು ಬಿ.ಎ. ಓದ್ತಾ ಇದೀಯಲ್ಲ, ಈ ನೀರು ಒಳ್ಳೇದೋ ಕೆಟ್ಟದ್ದೋ ಹೇಳು" ಎಂದು ಕೇಳುವುದುಂಟು. ಬಿ.ಎ. ಓದುವವರಿಗೂ ನೀರಿಗೂ ಸಂಬಂಧವಿದೆಯೆಂದು ಅವರು ಸಹಜವಾಗಿ ನಂಬಿದ್ದಾರೆ. ಆ ಸಂಬಂಧವನ್ನು ನಂಬದವರು ಕಾಲೇಜಿನೊಳಗಿರುವ ನಾವು.

ಹಿರಿಯರ ಆ ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಹಲವು ಪ್ರಶ್ನೆಗಳು ಅಡಗಿವೆ. ನೀರಿನಲ್ಲಿ ಏನೇನು ಕರಗಿದೆ ಎಂಬುದು ರಸಾಯನಶಾಸ್ತ್ರದ ಪ್ರಶ್ನೆ. ಅದಕ್ಕೆ ಪ್ರಯೋಗಶಾಲೆ ಬೇಕು. ಊಹೆಯಿಂದ ಉತ್ತರ ಹೇಳಕೂಡದು. ಇರಲಿ. ಆದರೆ ನೀರು ಯಾರ ಹೊಲಕ್ಕೆ ಸಿಕ್ಕಿತು? ಕೆರೆಯ ನೀರನ್ನು ನೇರವಾಗಿ ಮೋಟಾರಿನಿಂದ ಎತ್ತಕೂಡದು, ಅದು ಇಂಗುವುದಕ್ಕಾಗಿ ಮಾತ್ರ ಎಂಬುದು ಯೋಜನೆಯ ನಿಯಮ. ಹಾಗಾದರೆ ಲಾಭ ಸಿಗುವುದು ಕೊಳವೆಬಾವಿ ಕೊರೆಸಬಲ್ಲವರಿಗೆ. ಭೂಮಿಯಿಲ್ಲದ ಕೂಲಿಯವರಿಗೆ ಇದರಿಂದ ಕೂಲಿಯ ದಿನಗಳು ಎಷ್ಟು ಹೆಚ್ಚಿದುವು? ಟೊಮೆಟೊ ಬೆಳೆ ಹೆಚ್ಚಿ ಬೆಲೆ ಕುಸಿದಾಗ ಉಳಿದ ಲಾಭವೆಷ್ಟು? ಕುಡಿಯುವ ನೀರಿಗಾಗಿ ಒಂದು ಸಂಸಾರ ತಿಂಗಳಿಗೆ ಎಷ್ಟು ತೆರುತ್ತಿದೆ? ಇವು ಅರ್ಥಶಾಸ್ತ್ರದ ಪ್ರಶ್ನೆಗಳು. ಯಾವ ಪ್ರಯೋಗಶಾಲೆಯಲ್ಲಿಯೂ ಇವಕ್ಕೆ ಉತ್ತರವಿಲ್ಲ. ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರೆ ಉಂಟು.

ಇತಿಹಾಸವನ್ನು ನೋಡಿರಿ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿಯಾಗಿ ನಮ್ಮ ಕೋಲಾರ ಜಿಲ್ಲೆಯ ಶಾಸನಗಳದು. ಕೆರೆ ಕಟ್ಟಿಸಿದವರಿಗೆ, ಕಟ್ಟೆ ಒಡೆದಾಗ ರಿಪೇರಿ ಮಾಡಿಸಿದವರಿಗೆ ಬಿಟ್ಟ ದಶವಂದ, ಕಟ್ಟುಕೊಡಗೆಗಳ ವಿಷಯವು ಅಂಥ ಶಾಸನಗಳಲ್ಲಿ ಬರುತ್ತದೆ. ಕೆರೆಯನ್ನು ಕಟ್ಟುವುದರ ಜೊತೆಗೇ ಅದನ್ನು ನೋಡಿಕೊಳ್ಳುವವರ ಹೊಟ್ಟೆಪಾಡಿಗೂ ಏರ್ಪಾಡು ಮಾಡುತ್ತಿದ್ದರೆಂಬುದನ್ನು ಇದರಿಂದ ತಿಳಿಯುತ್ತೇವೆ. ತೂಬು ಎತ್ತಿ ಇಳಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಾಯಿಸುತ್ತಿದ್ದವನು ನೀರಗಂಟಿ. ಈ ಕೆಲಸ ಅನೇಕ ಊರುಗಳಲ್ಲಿ ದಲಿತ ಕುಟುಂಬಗಳ ಪಾಲಿಗೆ ಬಂದಿತ್ತು. ಊರಿಗೆಲ್ಲ ನೀರು ಹಂಚಿದ ಆತನಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕಿತ್ತೆ ಎಂದು ಕೇಳುವುದೂ ಪರಿಸರದ ಇತಿಹಾಸವೇ ಆಗಿದೆ. ಹಳೆಯ ನೀರಗಂಟಿಗಳಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಅವರ ನೆನಪಿನಲ್ಲಿರುವ ಕಾಲುವೆಗಳ ದಾರಿ ಯಾವ ನಕ್ಷೆಯಲ್ಲಿಯೂ ಇಲ್ಲದಿರಬಹುದು. ಅವರು ಕಣ್ಣು ಮುಚ್ಚುವ ಮೊದಲು ಅದನ್ನು ಬರೆದುಕೊಳ್ಳುವವರು ಯಾರು?

ಇನ್ನು ಭಾಷೆಯ ಮಾತು. ನೀರಿನ ಪರೀಕ್ಷೆಯ ವರದಿಗಳು ಬರುವುದು ಇಂಗ್ಲಿಷಿನಲ್ಲಿ, ಅಂಕಿಗಳ ಕೋಷ್ಟಕಗಳಲ್ಲಿ. ಅದನ್ನು ಊರಿನವರಿಗೆ ತಿಳಿಯುವ ಕನ್ನಡದಲ್ಲಿ, ಇದ್ದುದನ್ನು ಇದ್ದಂತೆ, ಹೆದರಿಸದೆಯೂ ಮರೆಮಾಚದೆಯೂ ಹೇಳುವುದು ಸಣ್ಣ ಕೆಲಸವೇನಲ್ಲ. ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಓದುವ ಗೆಳೆಯರು ಈ ಕೆಲಸವನ್ನು ತಮ್ಮದೆಂದು ಏಕೆ ಭಾವಿಸಬಾರದು?

ವಿಜ್ಞಾನದ ಪದವಿಯಿಲ್ಲದವರ ಮಾತನ್ನು ಯಾರು ಕೇಳುತ್ತಾರೆ ಎನ್ನುವವರಿಗೆ ನಮ್ಮ ನಾಡಿನಲ್ಲೇ ಉತ್ತರಗಳಿವೆ. ಕಾದಂಬರಿಕಾರರಾದ ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ನಿಂತರು. ಸ್ಥಾವರವು ನಿಂತಿತೋ ಇಲ್ಲವೋ, ಅಣುಶಕ್ತಿಯ ವಿಚಾರವು ಕನ್ನಡದ ಓದುಗರ ಮನೆಯ ಮಾತಾಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿಗೆ ಅಡ್ಡ ನಿಂತವರು ಹಳ್ಳಿಯ ಹೆಂಗಸರು, ಗಂಡಸರು. ಕುದುರೆಮುಖದ ಗಣಿಗಾರಿಕೆಯ ಮೊಕದ್ದಮೆಯಲ್ಲಿ ಅರ್ಜಿದಾರರಾಗಿದ್ದವರು ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಇವರೆಲ್ಲ ತಮಗೆ ಗೊತ್ತಿದ್ದ ನೆಲವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಆದರೆ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನನ್ನ ವಾದವು ಏಕಪಕ್ಷೀಯವಾದೀತು. ಕಲಾ ವಿದ್ಯಾರ್ಥಿಗಳಿಗೆ ಭಾವಾವೇಶ ಹೆಚ್ಚು, ಅಂಕಿಗಳೆಂದರೆ ಅಂಜಿಕೆ. 'ಭೂತಾಯಿ ಅಳುತ್ತಿದ್ದಾಳೆ' ಎಂದು ಜೂನ್ 5ರಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದು ನಮ್ಮ ದೇಶದ ಮಾನಕವು ಹೇಳುತ್ತದೆ. ಈ ಎರಡು ಅಂಕಿಗಳನ್ನು ತಿಳಿದು, ತನ್ನೂರ ನೀರಿನ ವರದಿಯನ್ನು ಓದಬಲ್ಲವನು ಹತ್ತು ಭಾಷಣಕಾರರಿಗಿಂತ ಹೆಚ್ಚಿನವನು. ಜಲ ಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ಟನ್ನು ಬಳಸಲು ಕಲಿಸಬೇಕೆಂದು ಗೊತ್ತುಮಾಡಿದ್ದಾರೆ. ಹಳ್ಳಿಯ ತಾಯಂದಿರು ಕಲಿಯಬಹುದಾದುದನ್ನು ಪದವಿಯ ವಿದ್ಯಾರ್ಥಿನಿಯರು ಕಲಿಯಲಾರೆವೆನ್ನುವುದು ನಾಚಿಕೆಗೇಡು.

ಇನ್ನು ಉದ್ಯೋಗದ ವಿಚಾರಕ್ಕೆ ಬರುತ್ತೇನೆ. ಹೊಟ್ಟೆಗೆ ಹಿಟ್ಟಿಲ್ಲದ ಆದರ್ಶವನ್ನು ನನ್ನಂಥವರಿಗೆ ಯಾರೂ ಬೋಧಿಸಲಾಗದು. ಮಗಳು ಪದವಿ ಮುಗಿಸುತ್ತಾಳೆ, ಒಂದು ಸರ್ಕಾರಿ ಕೆಲಸ ಸಿಕ್ಕುತ್ತದೆ, ತಮ್ಮನ ಓದಿಗೂ ದಾರಿಯಾಗುತ್ತದೆ ಎಂದು ಕಾದಿರುವ ತಂದೆ ತಾಯಿಗಳು ನಮ್ಮಲ್ಲಿ ಬಹುಮಂದಿಗೆ ಇದ್ದಾರೆ. ಪರಿಸರವೆಂದ ಕೂಡಲೇ ಉದ್ಯೋಗಗಳು ಬಾಗಿಲಲ್ಲಿ ಕಾದು ನಿಂತಿವೆಯೆಂದು ಹೇಳಿದರೆ ಅದು ಮೋಸದ ಮಾತಾಗುವುದು. ಯಾವ ಬಾಗಿಲು ಮುಚ್ಚಿದೆ, ಯಾವುದು ತೆರೆದಿದೆ ಎಂಬುದನ್ನು ಸರಿಯಾಗಿ ತಿಳಿಯಬೇಕು.

ಮೊದಲು ಮುಚ್ಚಿದ ಬಾಗಿಲುಗಳು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಬೇಕಾದರೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಸಂಖ್ಯಾಶಾಸ್ತ್ರ ಮೊದಲಾದವುಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯ ಅಥವಾ ಇಂಜಿನಿಯರಿಂಗ್ ಪದವೀಧರರಾಗಿರಬೇಕು. ಭೂಗೋಳವನ್ನು ಓದಿದವರಿಗೂ ಅಲ್ಲಿ ಅವಕಾಶವಿಲ್ಲ. ಪಿ.ಯು.ಸಿ. ಮುಗಿಸಿ ವಿಷಯಗಳನ್ನು ಆರಿಸಿಕೊಳ್ಳುವಾಗಲೇ ಇದನ್ನು ತಿಳಿಯಬೇಕು. ಮೂರನೆಯ ವರ್ಷದಲ್ಲಿ ತಿಳಿದು ಫಲವಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ತಾಂತ್ರಿಕ ಹುದ್ದೆಗಳಿಗೂ ವಿಜ್ಞಾನ ಇಲ್ಲವೇ ಇಂಜಿನಿಯರಿಂಗ್ ಓದಿರಬೇಕು.

ತೆರೆದ ಬಾಗಿಲುಗಳು ಇವಕ್ಕಿಂತ ಹೆಚ್ಚು. ಯಾವುದೇ ಪದವಿಯಿದ್ದವರು ನಾಗರಿಕ ಸೇವಾ ಪರೀಕ್ಷೆಗಳಿಗೆ ಕೂರಬಹುದು. ಅವುಗಳ ಸಾಮಾನ್ಯ ಅಧ್ಯಯನದ ಪತ್ರಿಕೆಗಳಲ್ಲಿ ಪರಿಸರ, ಜೀವವೈವಿಧ್ಯ, ಹವಾಮಾನ ಬದಲಾವಣೆಗಳಿಗೆ ಸ್ಥಾನವುಂಟು. ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಹುದ್ದೆಗೂ ಯಾವುದೇ ಪದವಿ ಸಾಕು. ಈ ಹುದ್ದೆಯನ್ನು ನಾವು ಗ್ರಾಮದ ಗುಮಾಸ್ತಿಕೆ ಎಂದು ತಿಳಿದಿರುವೆವು. ವಾಸ್ತವವಾಗಿ ಊರಿನ ಕುಡಿಯುವ ನೀರು, ಕಸ, ಚರಂಡಿ, ಗೋಮಾಳ, ಗುಂಡುತೋಪುಗಳ ವಿಷಯದಲ್ಲಿ ಪಂಚಾಯತಿಯ ನಿರ್ಣಯಗಳನ್ನು ನಡೆಸಬೇಕಾದವರು ಅವರೇ. ಪರಿಸರದ ಬಗ್ಗೆ ತಿಳಿವಳಿಕೆಯಿರುವ ಒಬ್ಬ ಅಧಿಕಾರಿ ಒಂದು ಪಂಚಾಯತಿಯಲ್ಲಿ ಮಾಡಬಹುದಾದ ಕೆಲಸ ಅಲ್ಪವಲ್ಲ.

ಅದೇ ಪಂಚಾಯತಿಯ ಮಟ್ಟದಲ್ಲಿ ಮತ್ತೊಂದು ಏರ್ಪಾಡಿದೆ. ನಮ್ಮಲ್ಲಿ ಅನೇಕರು ಅದರ ಹೆಸರನ್ನೂ ಕೇಳಿರಲಾರರು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಯು ಊರಿನ ಗಿಡಮರ, ಬೆಳೆಯ ತಳಿ, ಪ್ರಾಣಿಪಕ್ಷಿ, ಅವುಗಳ ಉಪಯೋಗ ಇವನ್ನೆಲ್ಲ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಇಂಥ ದಾಖಲಾತಿಯ ಕಲ್ಪನೆಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಪ್ರಮುಖರು. ಈ ಕೆಲಸವನ್ನು 2020ರ ಜನವರಿಯೊಳಗೆ ಮುಗಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಗಡುವು ಹಾಕಿತು. ಅವಸರದಲ್ಲಿ ಬರೆದ ಪುಸ್ತಕ ಹೇಗಿರುತ್ತದೆಂಬುದನ್ನು ರೆಕಾರ್ಡು ಬರೆದು ಪಳಗಿದ ನಮಗೆ ಯಾರೂ ಹೇಳಬೇಕಾಗಿಲ್ಲ. ಅದನ್ನು ತಿದ್ದಿ ತುಂಬಿಸುವ ಕೆಲಸ ಬಹಳಷ್ಟು ಉಳಿದಿದೆ. ಹಿತ್ತಲಲ್ಲಿ ಬೆಳೆಯುವ ಸೊಪ್ಪುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಅಜ್ಜಿಯರ ಮೊಮ್ಮಕ್ಕಳು ಈ ಕೆಲಸಕ್ಕೆ ಬೇಕಾದವರು.

ಕಾನೂನಿನ ದಾರಿಯೂ ಇದೆ. ಬಿ.ಎ. ಆದ ಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಓದಬಹುದು. 2010ರ ಕಾಯಿದೆಯಂತೆ ಸ್ಥಾಪಿತವಾದ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯದ ಪೀಠ ಚೆನ್ನೈನಲ್ಲಿದೆ. ಕೋಲಾರದಿಂದ ಚೆನ್ನೈ ಬಹಳ ದೂರವೇನಲ್ಲ. ಆದರೆ ಹಳ್ಳಿಯವರ ದೂರನ್ನು ಸರಿಯಾದ ರೂಪದಲ್ಲಿ ಬರೆದು ಅಲ್ಲಿಗೆ ಮುಟ್ಟಿಸುವ ವಕೀಲರು ಇನ್ನೂ ಎಷ್ಟೋ ಮಂದಿ ಬೇಕಾಗಿದ್ದಾರೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಜಲಾನಯನ ಮತ್ತು ಕೆರೆಗಳ ಪುನಶ್ಚೇತನದ ಸಂಸ್ಥೆಗಳಲ್ಲಿ ಕೆಲಸ ಮಾಡುವುದುಂಟು. ಇವುಗಳಲ್ಲಿ ಬಹುಪಾಲು ಗುತ್ತಿಗೆಯ ಕೆಲಸಗಳು, ಯೋಜನೆ ಮುಗಿದರೆ ಸಂಬಳವೂ ಮುಗಿಯುತ್ತದೆ ಎಂಬುದನ್ನು ಮೊದಲೇ ತಿಳಿದು ಹೋಗಬೇಕು. ಭೂಗೋಳದ ಗೆಳೆಯರು ಗಣಕಯಂತ್ರದಲ್ಲಿ ನಕ್ಷೆ ರಚಿಸುವ ವಿದ್ಯೆಯನ್ನು ಕಲಿತರೆ ಅದಕ್ಕೆ ಬೆಲೆಯುಂಟು. ಕ್ಯೂಜಿಐಎಸ್ ಎಂಬ ತಂತ್ರಾಂಶ ಬಿಟ್ಟಿಯಾಗಿ ದೊರೆಯುತ್ತದೆ. ಇಸ್ರೋ ಸಂಸ್ಥೆಯ ಭುವನ್ ತಾಣದಲ್ಲಿ ನಮ್ಮೂರ ಕೆರೆಯನ್ನು ಉಪಗ್ರಹದ ಕಣ್ಣಿನಿಂದ ನೋಡಬಹುದು. ಪತ್ರಿಕೋದ್ಯಮಕ್ಕೆ ಹೋಗುವವರಿಗೆ, ಶಾಲಾ ಉಪಾಧ್ಯಾಯರಾಗುವವರಿಗೆ ಈ ವಿದ್ಯೆ ಎಷ್ಟು ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎಲ್ಲ ದಾರಿಗಳಿಗೂ ಸಾಮಾನ್ಯವಾದ ಸಿದ್ಧತೆಯೊಂದಿದೆ, ಅದು ಯಾವ ಗೈಡಿನಲ್ಲಿಯೂ ಸಿಗದು. ಒಂದು ಸ್ಥಳವನ್ನು ಪೂರ್ತಿಯಾಗಿ ಅರಿತಿರುವುದೇ ಆ ಸಿದ್ಧತೆ. ಒಂದು ಕೆರೆಯ ಇತಿಹಾಸ, ಅದರ ಅಳತೆ, ಅದರ ನೀರಿನ ಗುಣ, ಅದನ್ನು ನಂಬಿದವರ ಬದುಕು, ಅದರ ಮೇಲಿನ ವ್ಯಾಜ್ಯ ಇಷ್ಟನ್ನು ಬಲ್ಲ ವಿದ್ಯಾರ್ಥಿಯು ಸಂದರ್ಶನದಲ್ಲಿ ಏನು ಕೇಳಿದರೂ ತಡವರಿಸುವುದಿಲ್ಲ. ಸ್ಥಳದ ಅರಿವಿಲ್ಲದೆ ನೂರು ವ್ಯಾಖ್ಯೆಗಳನ್ನು ಕಲಿತವನದು ಪುಸ್ತಕದ ಬದನೆಕಾಯಿ.

ಆದುದರಿಂದ ಪ್ರಾಂಶುಪಾಲರಲ್ಲಿಯೂ ಅಧ್ಯಾಪಕ ವೃಂದದಲ್ಲಿಯೂ ವಿನಯಪೂರ್ವಕವಾಗಿ ಒಂದು ಸೂಚನೆಯನ್ನು ಮಾಡುತ್ತೇನೆ. ಪರಿಸರ ಅಧ್ಯಯನದ ಕ್ಷೇತ್ರಕಾರ್ಯಕ್ಕೆ ನಕಲಿನ ರೆಕಾರ್ಡುಗಳನ್ನು ಕೈಬಿಟ್ಟು, ಹತ್ತು ಹತ್ತು ವಿದ್ಯಾರ್ಥಿಗಳ ಗುಂಪಿಗೆ ಒಂದೊಂದು ಕೆರೆಯನ್ನು ವಹಿಸಬೇಕು. ಇತಿಹಾಸದವರು ಶಾಸನವನ್ನೂ ನೀರಗಂಟಿಯ ನೆನಪನ್ನೂ, ಅರ್ಥಶಾಸ್ತ್ರದವರು ಬೆಳೆ ಮತ್ತು ಖರ್ಚಿನ ಲೆಕ್ಕವನ್ನೂ, ರಾಜ್ಯಶಾಸ್ತ್ರದವರು ಪಂಚಾಯತಿಯ ನಿರ್ಣಯಗಳನ್ನೂ ಬರೆದುಕೊಳ್ಳಲಿ. ನೀರಿನ ಪರೀಕ್ಷೆಗೆ ಸರ್ಕಾರದ ಪ್ರಯೋಗಶಾಲೆಯ ಅಥವಾ ನೆರೆಯ ವಿಜ್ಞಾನ ಕಾಲೇಜಿನ ನೆರವನ್ನು ಕೋರಬಹುದು. ಬರೆದುದನ್ನು ಗಟ್ಟಿ ರಟ್ಟಿನ ಪುಸ್ತಕವಾಗಿ ಗ್ರಂಥಾಲಯದಲ್ಲಿ ಇಡಬೇಕು. ಮುಂದಿನ ವರ್ಷದವರು ಅದೇ ಕೆರೆಗೆ ಹೋಗಿ, ಅದೇ ಪುಸ್ತಕದ ಮುಂದಿನ ಹಾಳೆಗಳಲ್ಲಿ ಬರೆಯಬೇಕು. ಹಿಂದಿನವರ ಬರಹ ಕಣ್ಣೆದುರಿಗೇ ಇರುವುದರಿಂದ ನಕಲು ಮಾಡಿ ಪ್ರಯೋಜನವಿಲ್ಲ. ಹತ್ತು ವರ್ಷ ಹೀಗೆ ನಡೆದರೆ, ಕೆ. ಸಿ. ವ್ಯಾಲಿಯ ನೀರು ನಮ್ಮ ಕೆರೆಗಳಿಗೆ ಏನು ಮಾಡಿತು ಎಂಬ ಪ್ರಶ್ನೆಗೆ ಆಧಾರವುಳ್ಳ ಉತ್ತರವು ಒಂದು ಸರ್ಕಾರಿ ಕಲಾ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕುವಂತಾದೀತು.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿರುವ ಕಾಲೇಜಿನಲ್ಲಿ ಇಷ್ಟು ಕೆಲಸವನ್ನು ಯಾರು ಮೇಲ್ವಿಚಾರಣೆ ಮಾಡುತ್ತಾರೆ? ವಿದ್ಯಾರ್ಥಿನಿಯರನ್ನು ಕೆರೆ ಬಯಲಿಗೆ ಕಳುಹಿಸಲು ಹೆತ್ತವರು ಒಪ್ಪುತ್ತಾರೆಯೆ? ಸಂಜೆಯ ಬಸ್ಸು ತಪ್ಪಿದರೆ ಗತಿಯೇನು? ಇವು ನ್ಯಾಯವಾದ ಪ್ರಶ್ನೆಗಳು. ಆದರೆ ನಮ್ಮಲ್ಲಿ ಮುಕ್ಕಾಲು ಮಂದಿ ಹಳ್ಳಿಯಿಂದ ಬರುವವರು. ನಮ್ಮ ನಮ್ಮ ಊರ ಕೆರೆಯನ್ನೇ ನಮಗೆ ವಹಿಸಿದರೆ ಬಸ್ಸಿನ ಖರ್ಚಿಲ್ಲ, ಹೆತ್ತವರ ಹೆದರಿಕೆಗೂ ಕಾರಣವಿಲ್ಲ. ಭಾನುವಾರಗಳು ಹೇಗೂ ಇವೆ. ಮೇಲ್ವಿಚಾರಣೆಯ ಹೊರೆ ಗುರುಗಳ ಮೇಲೆ ಬೀಳುವುದು ನಿಜ. ನೂರು ನಕಲುಗಳನ್ನು ತಿದ್ದುವುದಕ್ಕಿಂತ ಹತ್ತು ನಿಜವಾದ ಪುಸ್ತಕಗಳನ್ನು ಓದುವುದು ಅವರಿಗೂ ಹೆಚ್ಚು ಸಂತೋಷವನ್ನು ಕೊಡಬಹುದೆಂದು ನನ್ನ ನಂಬಿಕೆ.

ನಾನು ಈ ವರ್ಷ ಕಾಲೇಜನ್ನು ಬಿಡುತ್ತಿದ್ದೇನೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಪರೀಕ್ಷೆಗೆ ಓದುತ್ತಿದ್ದೇನೆ. ಅದರ ಜೊತೆಗೆ ಕಾನೂನು ಕಾಲೇಜಿಗೆ ಸೇರುವ ಆಸೆಯನ್ನೂ ಮನೆಯಲ್ಲಿ ಹೇಳಿದ್ದೇನೆ. ತಂದೆಯವರು ಇನ್ನೂ ಹೂಂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ. ಯಾವುದು ಕೈಗೂಡಿದರೂ ನಮ್ಮೂರ ಕೆರೆಯ ಪುಸ್ತಕದ ಮೊದಲ ಇಪ್ಪತ್ತು ಹಾಳೆಗಳನ್ನು ಬೇಸಗೆಯ ರಜೆಯಲ್ಲಿ ಬರೆದು ಗ್ರಂಥಾಲಯಕ್ಕೆ ಒಪ್ಪಿಸುವೆನೆಂದು ನಿಶ್ಚಯಿಸಿದ್ದೇನೆ. ಉಳಿದ ಹಾಳೆಗಳು ಮುಂದಿನ ತರಗತಿಗಳ ಗೆಳೆಯ ಗೆಳತಿಯರಿಗೆ ಸೇರಿದುವು.